ಹಳೇ ಟ್ರ್ಯಾಕ್ಟರ್ ಎರಡು ಭಾಗ ಮಾಡಿ ಬಿಚ್ಚಬೇಕು: ಶೆಡ್‌ನಲ್ಲೇ ಆಗುತ್ತದಾ?

ಜೇವರ್ಗಿ ಕರಿಮಣ್ಣು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪ ತಗೊಂಡ ಹಳೇ ಮ್ಯಾಸಿ 1035 ಇದೆ. ಮೂರು ಸಿಲಿಂಡರ್ ಗಾಡಿ. ತೊಗರಿ ರಾಶಿ ಮುಗಿದ ಮೇಲೆ ನೇಗಿಲು ಹೂಡಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಖಾಲಿ ಟ್ರಾಲಿ ಎಳೆಯುವಾಗ ಏನೂ ತೊಂದರೆ ಇಲ್ಲ. ಕ್ಲಚ್ ಪ್ಲೇಟ್ ಹೋಗಿದೆ ಅಂತ ಊರಲ್ಲಿ ಎಲ್ಲರದೂ ಒಂದೇ ಮಾತು. ಅದು ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಇರುವುದರಿಂದ ಗಾಡಿ ಎರಡು ಭಾಗ ಮಾಡಿಯೇ ಬದಲಿಸಬೇಕು.

ಕಲಬುರಗಿಗೆ ಲಾರಿ ಮೇಲೆ ಹಾಕಿ ಒಯ್ಯಬೇಕೆಂದರೆ ಬಾಡಿಗೆಯೇ ಜಾಸ್ತಿ ಆಗುತ್ತದೆ. ನಾನು ಮತ್ತು ಕಾಕನ ಮಗ ಸೇರಿ ನಮ್ಮ ಶೆಡ್‌ನಲ್ಲೇ ಬಿಚ್ಚೋಣ ಅಂತಿದ್ದೇವೆ. ಇಬ್ಬರಿಗೂ ಪಾನಾ ಹಿಡಿದು ಅಭ್ಯಾಸ ಇದೆ. ಇಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಎಲ್ಲ ನಾವೇ ಮಾಡಿಕೊಳ್ಳುತ್ತೇವೆ. ಎರಡು ಭಾಗ ಮಾಡಿದ್ದು ಮಾತ್ರ ಇಲ್ಲ. ಇರುವ ಸಾಮಾನು: ಒಂದು ಬಾಟಲ್ ಜಾಕ್, ಪಾನಾ ಸೆಟ್, ಶಹಾಬಾದ್ ಫರಶಿ ತುಂಡುಗಳು, ಶೆಡ್ ಬಾಗಿಲಲ್ಲಿ ದೊಡ್ಡ ಬೇವಿನ ಮರ. ಚೈನ್ ಕಪ್ಪಿ ಬಾಡಿಗೆಗೆ ಸಿಗುತ್ತದೆ. ಮುಂಗಾರು ಹಿಡಿಯುವುದರೊಳಗೆ ಗಾಡಿ ಹೊಲಕ್ಕೆ ಇಳಿಯಬೇಕು. ಮಾಡಿದವರು ಸ್ವಲ್ಪ ಹೇಳಿ.

ಹುಮನಾಬಾದ್ ಮಿಸ್ತ್ರಿ

ತಮ್ಮಾ, ಬಿಚ್ಚುವ ಮಾತು ಆಮೇಲೆ. ಮೊದಲು ಪೆಡಲ್ ನೋಡು. ಕ್ಲಚ್ ಪೆಡಲ್ ಕೈಯಿಂದ ಒತ್ತು. ಗಟ್ಟಿ ಹತ್ತುವ ಮೊದಲು ಸ್ವಲ್ಪ ಸಡಿಲ ಇರಬೇಕು. ಬಹಳಷ್ಟು ಗಾಡಿಗಳಲ್ಲಿ ಅದು 20ರಿಂದ 30 ಮಿಲಿಮೀಟರ್ ಇರುತ್ತದೆ, ನಿಮ್ಮ ಗಾಡಿಯ ಪುಸ್ತಕ ಇದ್ದರೆ ಅದರಲ್ಲಿರುವ ಲೆಕ್ಕವೇ ಸರಿ. ಪ್ಲೇಟ್ ಸವೆದಂತೆ ಈ ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಪೂರ್ತಿ ಹೋದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಯಾವಾಗಲೂ ಕ್ಲಚ್‌ನ ಫಿಂಗರ್ (ಸಣ್ಣ ತೋಳು) ಮೇಲೆ ಒತ್ತಿಕೊಂಡೇ ಇರುತ್ತದೆ. ಅಂದರೆ ಕಾಲು ಇಡದಿದ್ದರೂ ಅರ್ಧ ಕ್ಲಚ್ ಒತ್ತಿದ ಹಾಗೆ. ರಾಡ್ ಅಡ್ಜಸ್ಟ್ ಮಾಡಿದರೆ ಎಷ್ಟೋ ಗಾಡಿಗಳು ಇನ್ನೊಂದು ಹಂಗಾಮು ಓಡುತ್ತವೆ.

ಆಮೇಲೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಹೌಸಿಂಗ್ ಕೆಳಗೆ ಒಂದು ತೂತು ಇರುತ್ತದೆ, ಅದರಲ್ಲಿ ಒಂದು ಪಿನ್ ತೂಗಾಡುತ್ತಿರುತ್ತದೆ. ಅಲ್ಲಿ ಆಯಿಲ್ ಹನಿಯುತ್ತಿದೆಯಾ? ಒಣಗಿದೆಯಾ? ನೋಡಿ ಬರೆ.

ಜೇವರ್ಗಿ ಕರಿಮಣ್ಣು

ನೋಡಿದೆ ಅಣ್ಣಾ. ಪೆಡಲ್ ಸಡಿಲ ಸರಿಯಾಗೇ ಇದೆ, ಹೋದ ವರ್ಷವೇ ಅಡ್ಜಸ್ಟ್ ಮಾಡಿಸಿದ್ದೆವು. ಪಿನ್ ಹತ್ತಿರ ಕಪ್ಪಗೆ ಒದ್ದೆ ಇದೆ. ಕೆಳಗೆ ರಟ್ಟು ಇಟ್ಟು ರಾತ್ರಿ ಬಿಟ್ಟಿದ್ದೆ, ಬೆಳಿಗ್ಗೆ ಅಂಗೈ ಅಗಲ ಕಲೆ ಆಗಿತ್ತು. ತೆಳ್ಳಗಿದೆ, ಕಪ್ಪಗಿದೆ.

ಹುಮನಾಬಾದ್ ಮಿಸ್ತ್ರಿ

ಹಾಗಾದರೆ ಬಿಚ್ಚದೆ ಗತಿ ಇಲ್ಲ. ತೆಳ್ಳಗೆ ಕಪ್ಪಗೆ ಅಂದರೆ ಇಂಜಿನ್ ಆಯಿಲ್. ಕ್ರ್ಯಾಂಕ್ ಹಿಂದಿನ ಸೀಲ್ ಸೋರಿ ಪ್ಲೇಟ್ ಮೇಲೆ ಬೀಳುತ್ತಿದೆ. ಗೇರ್‌ಬಾಕ್ಸ್ ಕಡೆಯ ಸೀಲ್ ಹೋಗಿದ್ದರೆ ಆಯಿಲ್ ಇಷ್ಟು ಕಪ್ಪಗೆ ಇರುವುದಿಲ್ಲ. ಇಲ್ಲಿ ಒಂದು ವಿಷಯ: ಬರೀ ಪ್ಲೇಟ್ ಬದಲಿಸಿ ಮತ್ತೆ ಕೂಡಿಸಿದರೆ ಹೊಸ ಪ್ಲೇಟ್ ಕೂಡ ಎಣ್ಣೆ ಕುಡಿದು ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ. ಸೀಲ್ ಬದಲಿಸಲೇಬೇಕು. ಅದಕ್ಕೆ ಫ್ಲೈವೀಲ್ (ಇಂಜಿನ್ ಹಿಂದಿನ ಭಾರದ ಚಕ್ರ) ಕೂಡ ಇಳಿಸಬೇಕು.

ಈಗ ಬಿಚ್ಚುವ ವಿಷಯ. ನಟ್ ಬೋಲ್ಟ್ ಬಿಚ್ಚಲು ಯಾರಿಗೂ ಬರುತ್ತದೆ. ಬೋಲ್ಟ್ ಬಿಚ್ಚಿದ ಮೇಲೆ ಗಾಡಿ ಏನಾಗುತ್ತದೆ ಅನ್ನುವುದು ತಲೆಯಲ್ಲಿರಬೇಕು. ಟ್ರ್ಯಾಕ್ಟರ್‌ಗೆ ಲಾರಿಯ ಹಾಗೆ ಕೆಳಗೆ ಚಾಸಿ ಇಲ್ಲ. ಇಂಜಿನ್, ಹೌಸಿಂಗ್, ಗೇರ್‌ಬಾಕ್ಸ್ ಇವೇ ಅದರ ಬೆನ್ನು. ನಡುವೆ ಬಿಚ್ಚಿದ ಕ್ಷಣ ಎರಡು ಬೇರೆ ಬೇರೆ ಗಾಡಿ ಆಗುತ್ತವೆ, ಎರಡಕ್ಕೂ ಎರಡೆರಡೇ ಗಾಲಿ.

ಮುಂದಿನ ಭಾಗ ಮೊದಲು. ಮುಂದಿನ ಆಕ್ಸಲ್ ನಡುವೆ ಒಂದೇ ಪಿನ್ ಮೇಲೆ ಕೂತಿದೆ, ಹೊಲದಲ್ಲಿ ಏರು ತಗ್ಗು ಬಂದರೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಗಾಡಿ ಪೂರ್ತಿ ಇರುವಾಗ ಹಿಂದಿನ ದೊಡ್ಡ ಗಾಲಿಗಳು ಇಂಜಿನ್ ಅನ್ನು ನೆಟ್ಟಗೆ ಹಿಡಿದಿರುತ್ತವೆ. ಬಿಚ್ಚಿದ ಮೇಲೆ ಹಿಡಿಯುವವರೇ ಇಲ್ಲ. ಇಂಜಿನ್ ಹಾಗೇ ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಹಿಂದಿನಿಂದ ಜಾಕ್ ಕೊಟ್ಟಿದ್ದೇವೆ ಅಂತ ಧೈರ್ಯ ಮಾಡಬೇಡಿ, ಒಂದು ಜಾಕ್ ಮೇಲಕ್ಕೆ ಹಿಡಿಯುತ್ತದೆಯೇ ಹೊರತು ಪಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಆಕ್ಸಲ್ ಮತ್ತು ಅದರ ಮೇಲಿನ ಬ್ರ್ಯಾಕೆಟ್ ನಡುವೆ ಎರಡೂ ಬದಿ ಗಟ್ಟಿ ಮರದ ಬೆಣೆ ಹೊಡೆಯಬೇಕು. ಜಾಲಿ ಆದರೂ ಸರಿ, ಸಾಗವಾನಿ ಆದರೂ ಸರಿ. ಬೇವಿನ ಹಸಿ ಕೊಂಬೆ ಬೇಡ. ಹೊಡೆದ ಮೇಲೆ ಬೆಣೆ ಜಾರದಂತೆ ತಂತಿಯಿಂದ ಕಟ್ಟಿ. ಇದು ಮೊದಲ ಕೆಲಸ, ಒಂದು ಬೋಲ್ಟ್ ಕೂಡ ಸಡಿಲ ಮಾಡುವ ಮೊದಲು.

ಮುಂದೆ ಬಂಪರ್ ವೇಟ್ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಮೂಗು ಕೆಳಗೆ, ಬಾಲ ಮೇಲೆ ಆಗುತ್ತದೆ.

ಹಿಂದಿನ ಭಾಗಕ್ಕೆ ಬನ್ನಿ. ಗಾಡಿ ಗೇರ್‌ನಲ್ಲಿ ನಿಲ್ಲಿಸಿದ್ದೇವೆ, ಎಲ್ಲಿಗೆ ಹೋಗುತ್ತದೆ ಅಂತ ಬಹಳ ಜನ ತಿಳಿದಿರುತ್ತಾರೆ. ಗೇರ್ ಹಾಕಿದಾಗ ಗಾಲಿ ಹಿಡಿಯುವುದು ಇಂಜಿನ್. ಇಂಜಿನ್ನೇ ಬೇರೆ ಆಯಿತಲ್ಲ, ಈಗ ಗೇರ್ ಇದ್ದರೂ ಶಾಫ್ಟ್ ಆರಾಮಾಗಿ ತಿರುಗುತ್ತದೆ, ಗಾಲಿಯೂ ಉರುಳುತ್ತದೆ. ಬ್ರೇಕ್ ಹಿಂದಿನ ಭಾಗದಲ್ಲೇ ಇದೆ, ಅದನ್ನು ಲಾಕ್ ಮಾಡಿ. ಅದನ್ನೊಂದೇ ನಂಬದೆ ಎರಡೂ ದೊಡ್ಡ ಗಾಲಿಗೆ ಮುಂದೆ ಹಿಂದೆ ಗುಟಕ (ಉರುಳದಂತೆ ತಡೆಯುವ ತುಂಡು) ಕೊಡಿ. ಉರುಟು ಕಲ್ಲು ಇಟ್ಟರೆ ಗಾಲಿ ಅದರ ಮೇಲೇ ಹತ್ತಿ ಹೋಗುತ್ತದೆ. ಚಪ್ಪಟೆ ತಳ ಇರುವ ಮರದ ದಿಮ್ಮಿ ಬೇಕು.

ಗೇರ್‌ಬಾಕ್ಸ್ ಮುಂಭಾಗದ ಕೆಳಗೆ ಸ್ಟ್ಯಾಂಡ್. ಜಾಕ್ ಅಲ್ಲ, ಸ್ಟ್ಯಾಂಡ್. ಹಿಂದೆ ನೇಗಿಲು, ಕುಂಟೆ ಏನಿದ್ದರೂ ಬಿಚ್ಚಿಟ್ಟು ಲಿಫ್ಟ್ ತೋಳು ಪೂರ್ತಿ ಕೆಳಗೆ ಇಳಿಸಿ.

ಚಿತ್ತಾಪುರ ವೆಲ್ಡರ್

ಮಿಸ್ತ್ರಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಜಾಕ್ ಕೆಳಗೆ ಫರಶಿ ಇಡಬೇಡಿ. ನಾವೆಲ್ಲ ಫರಶಿಯಲ್ಲೇ ಹುಟ್ಟಿ ಬೆಳೆದವರು, ನೆಲಕ್ಕೂ ಅದೇ, ಕಟ್ಟೆಗೂ ಅದೇ, ಛಾವಣಿಗೂ ಅದೇ. ಅದಕ್ಕೇ ಕೈ ಸೀದಾ ಅದಕ್ಕೇ ಹೋಗುತ್ತದೆ. ಆದರೆ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪದರ ಪದರ. ಸಮನಾಗಿ ಭಾರ ಬಿದ್ದರೆ ಹೊರುತ್ತದೆ. ಜಾಕ್‌ನ ಸಣ್ಣ ತಳ ಒಂದೇ ಕಡೆ ಒತ್ತಿದಾಗ, ಕೆಳಗೆ ಮಣ್ಣು ಸ್ವಲ್ಪ ಪೊಳ್ಳಾಗಿದ್ದರೆ ಟಪ್ ಅಂತ ಎರಡು ತುಂಡು. ಮುನ್ಸೂಚನೆ ಕೊಡುವುದಿಲ್ಲ. ಇಟ್ಟಂಗಿ, ಪೊಳ್ಳು ಸಿಮೆಂಟ್ ಬ್ಲಾಕ್ ಕೂಡ ಹಾಗೇ.

ನಿಮ್ಮ ಶೆಡ್ ನೆಲ ಯಾವುದು? ಎರೆ ಮಣ್ಣಾದರೆ ಬೇಸಿಗೆಯಲ್ಲಿ ಸೀಳು ಬಿಟ್ಟಿರುತ್ತದೆ, ಮೇಲೆ ಗಟ್ಟಿ ಕಂಡರೂ ಒಳಗೆ ಖಾಲಿ. ಒಂದು ಅಡ್ಡ ಮಳೆ ಬಿದ್ದರಂತೂ ಜಾಕ್ ಕಣ್ಣ ಮುಂದೆಯೇ ಇಳಿಯುತ್ತದೆ. ದಪ್ಪ ಮರದ ಹಲಗೆ ಅಡ್ಡ ಹಾಕಿ, ಅದರ ಮೇಲೆ ಕಬ್ಬಿಣದ ಪ್ಲೇಟ್, ಅದರ ಮೇಲೆ ಜಾಕ್. ಸಿಮೆಂಟ್ ಕಾಂಕ್ರೀಟ್ ನೆಲ ಇರುವ ಜಾಗ ಹತ್ತಿರದಲ್ಲಿ ಎಲ್ಲೇ ಇದ್ದರೂ ಅಲ್ಲಿಗೆ ಒಯ್ದು ಮಾಡುವುದೇ ಒಳ್ಳೆಯದು. ಖಾಲಿ ಗಾಡಿ ಓಡುತ್ತದೆ ಅಂದಿರಲ್ಲ.

ಸ್ಟ್ಯಾಂಡ್ ಬೇಕಾದರೆ ಹತ್ತಿರದ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ. ದಪ್ಪ ಆ್ಯಂಗಲ್, ಅಗಲ ತಳ, ನಾಲ್ಕು ಕಾಲು, ಅಡ್ಡ ಪಟ್ಟಿ. ಬರೀ ಒಂದು ಪೈಪ್ ನಿಲ್ಲಿಸಿ ಕೆಳಗೆ ಪ್ಲೇಟ್ ಹಚ್ಚಿಸಿಕೊಂಡು ಬರಬೇಡಿ, ಅದು ಸ್ಟ್ಯಾಂಡ್ ಅಲ್ಲ.

ಆಳಂದ ತೊಗರಿ

ಇಷ್ಟೆಲ್ಲ ಹೆದರಿಸುವುದು ಯಾಕೆ ರೀ? ನಮ್ಮ ಕಡೆ ಮರಕ್ಕೆ ಚೈನ್ ಕಪ್ಪಿ ಕಟ್ಟಿ ಇಂಜಿನ್ ಎತ್ತಿ ಹಿಡಿಯುತ್ತಾರೆ, ನಾಲ್ಕು ಹುಡುಗರು ಮುಂದೆ ತಳ್ಳುತ್ತಾರೆ, ಮುಗೀತು. ಬೆಳಿಗ್ಗೆ ಬಿಚ್ಚಿದರೆ ಸಂಜೆ ಕೂಡಿಸುತ್ತಾರೆ. ಅವರ ಹತ್ತಿರ ಬೇವಿನ ಮರ ಹೇಗೂ ಇದೆಯಲ್ಲ.

ಹುಮನಾಬಾದ್ ಮಿಸ್ತ್ರಿ

ಮರಕ್ಕೆ ಕಟ್ಟಿ ಮಾಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಮರ ಎಷ್ಟು ಹೊರುತ್ತದೆ ಅಂತ ಯಾರಿಗೆ ಗೊತ್ತು ಯಜಮಾನ್ರೇ? ಒಳಗೆ ಗೆದ್ದಲು ತಿಂದಿದ್ದರೆ ಹೊರಗೆ ಕಾಣುತ್ತದಾ? ಈ ಗಾಡಿ ಪೂರ್ತಿ ತೂಕ ಒಂದೂವರೆ ಟನ್‌ಗಿಂತ ಮೇಲೆ. ಅದರಲ್ಲಿ ಮುಂದಿನ ಭಾಗ ಕೈಯಲ್ಲಿ ತಡೆಯುವಂಥದ್ದಲ್ಲ.

ಇನ್ನೊಂದು ತೊಂದರೆ ಇದೆ. ಕೊಂಬೆ ಬಗ್ಗುತ್ತದೆ. ಬೋಲ್ಟ್ ಬಿಟ್ಟಾಗ ಅದು ಮತ್ತೆ ಮೇಲೆ ಎಳೆಯುತ್ತದೆ, ಇಂಜಿನ್ ಜಿಗಿಯುತ್ತದೆ. ನಾವು ಬಯಸುವುದು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುವುದು. ಅದು ಕೊಂಬೆಯಿಂದ ಆಗುವುದಿಲ್ಲ. ಚೈನ್ ಕಪ್ಪಿ ಬಳಸುವುದಾದರೆ ಕಬ್ಬಿಣದ ತಿಪಾಯಿ ತನ್ನಿ, ಕಾಲುಗಳು ಜಾರದಂತೆ ಒಂದಕ್ಕೊಂದು ಸರಪಳಿ ಕಟ್ಟಿ. ಕಪ್ಪಿ ಮೇಲೆ ಎಷ್ಟು ಟನ್ ಅಂತ ಬರೆದಿರುತ್ತದೆ, ಓದಿ. ಕಪ್ಪಿ ಇದ್ದರೂ ಕೆಳಗೆ ದಿಮ್ಮಿ ಇರಲೇಬೇಕು.

ಭಾಲ್ಕಿ ಕಬ್ಬು

ನನ್ನದೂ ಮ್ಯಾಸಿ. ಮನೆಯಲ್ಲೇ ಬಿಚ್ಚಿಸಿದಾಗ ಪಕ್ಕದಲ್ಲೇ ನಿಂತಿದ್ದೆ, ಹಾಗಾಗಿ ಏನೇನು ಕಳಚಬೇಕು ಅಂತ ಬರೆಯುತ್ತೇನೆ. ಮಿಸ್ತ್ರಿಯವರು ತಿದ್ದಲಿ.

ಬ್ಯಾಟರಿಯ ಅರ್ಥ್ ವೈರ್ ಮೊದಲು. ಬಾನೆಟ್, ಸೈಲೆನ್ಸರ್. ಡೀಸೆಲ್ ಕಾಕ್ ಬಂದ್. ಆಕ್ಸಿಲರೇಟರ್ ರಾಡ್, ಇಂಜಿನ್ ಬಂದ್ ಮಾಡುವ ಕೇಬಲ್, ಮೀಟರ್ ಕೇಬಲ್. ಸ್ಟಾರ್ಟರ್ ಮೋಟಾರ್ ಇಳಿಸಿ ಇಟ್ಟೆವು. ವೈರ್ ಒಂದನ್ನೂ ಕತ್ತರಿಸಲಿಲ್ಲ, ಒಂದೊಂದಕ್ಕೂ ಬಣ್ಣದ ಟೇಪ್ ಸುತ್ತಿ ಫೋನ್‌ನಲ್ಲಿ ಫೋಟೋ ತೆಗೆದೆವು. ಹೀಟ್ ಮೀಟರ್‌ಗೆ ಹೋಗುವ ಸಣ್ಣ ತಾಮ್ರದ ನಳಿಗೆ ಇದೆಯಲ್ಲ, ಅದು ವೈರ್ ಅಲ್ಲ. ಒಳಗೆ ದ್ರವ ಅಥವಾ ಅನಿಲ ತುಂಬಿರುತ್ತದೆ. ಮುರಿದರೆ ಮೀಟರ್ ಪೂರ್ತಿ ಎಸೆಯಬೇಕು. ಇಂಜಿನ್ ಕಡೆಯಿಂದ ಮೆಲ್ಲಗೆ ಬಿಚ್ಚಿ ಸುರುಳಿ ಮಾಡಿ ಸ್ಟೇರಿಂಗ್ ಹತ್ತಿರ ಕಟ್ಟಿ.

ಸ್ಟೇರಿಂಗ್ ಬಾಕ್ಸ್ ಹಿಂದಿನ ಭಾಗದಲ್ಲೇ ಉಳಿಯುತ್ತದೆ. ಹಾಗಾಗಿ ಗಾಲಿಗೆ ಹೋಗುವ ರಾಡ್ ಬಿಚ್ಚಲೇಬೇಕು. ಆಕ್ಸಲ್‌ನಿಂದ ಹಿಂದಕ್ಕೆ ಬಂದಿರುವ ತೋಳು ಇದ್ದರೆ ಅದನ್ನೂ. ನಮ್ಮದರಲ್ಲಿ ಎರಡೂ ಬದಿಗೆ ಒಂದೊಂದು ರಾಡ್. ಬಿಚ್ಚಿದ ತಕ್ಷಣ ಎಡಗಾಲಿ ಒಂದು ಕಡೆ, ಬಲಗಾಲಿ ಇನ್ನೊಂದು ಕಡೆ ತಿರುಗಿ ನಿಂತವು. ತಳ್ಳಲು ಹೋದರೆ ದನ ಹೊಸ ಕೊಟ್ಟಿಗೆಗೆ ಬರಲು ಹಟ ಮಾಡುವ ಹಾಗೆ. ಮಿಸ್ತ್ರಿ ಎರಡು ಗಾಲಿಯ ತೋಳಿಗೂ ಸೇರಿಸಿ ಒಂದು ಕಬ್ಬಿಣದ ಪಟ್ಟಿ ಕಟ್ಟಿದ. ಆಮೇಲೆ ನೇರ ಬಂತು.

ಹೈಡ್ರಾಲಿಕ್ ಪಂಪ್ ನಮ್ಮ ಗಾಡಿಯಲ್ಲಿ ಹಿಂದಿನ ಹೌಸಿಂಗ್ ಒಳಗೇ ಇದೆ, ಹಾಗಾಗಿ ಪೈಪ್ ಬಿಚ್ಚುವ ರಗಳೆ ಇರಲಿಲ್ಲ.

ಶಹಾಪುರ ಗದ್ದೆ

ಆ ಕೊನೇ ಮಾತು ಬೇರೆ ಕಂಪನಿ ಗಾಡಿ ಇರುವವರು ಗಮನಿಸಿ. ಪಂಪ್ ಇಂಜಿನ್ ಬದಿಗೆ ಕೂತಿರುವ ಗಾಡಿಗಳೂ ಬಹಳ ಇವೆ. ಅವುಗಳಲ್ಲಿ ಇಂಜಿನ್‌ನಿಂದ ಹಿಂದಕ್ಕೆ ಎರಡು ಪೈಪ್ ಹೋಗಿರುತ್ತವೆ. ಅವನ್ನು ಬಿಚ್ಚಿ ಎರಡೂ ತುದಿಗೆ ಪ್ಲಾಸ್ಟಿಕ್ ಕಟ್ಟಬೇಕು. ಒಂದು ಚಿಟಿಕೆ ಮಣ್ಣು ಹೋದರೂ ಪಂಪ್ ಹಾಳು. ನಮ್ಮ ಕಡೆ ಕಾಲುವೆ ನೀರಿನ ಗದ್ದೆ, ಮಣ್ಣಿಗೆ ಬರವಿಲ್ಲ.

ಇನ್ನೊಂದು. ಗದ್ದೆ ಕೆಸರು ಮಾಡುವವರು ಆ ಪಿನ್ ತೂತಿಗೆ ಬಿರಡೆ ಹಾಕುತ್ತಾರೆ, ನೀರು ಒಳಗೆ ಹೋಗಬಾರದು ಅಂತ. ಸರಿಯೇ. ಆದರೆ ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ಆಮೇಲೆ ಸೀಲ್ ಸೋರಿದರೂ ಗೊತ್ತಾಗುವುದಿಲ್ಲ, ಒಳಗೇ ತುಂಬಿಕೊಳ್ಳುತ್ತದೆ.

ಜೇವರ್ಗಿ ಕರಿಮಣ್ಣು

ಬಹಳ ಉಪಕಾರ. ಶೆಡ್ ನೆಲ ಮಣ್ಣೇ. ಪಕ್ಕದ ಊರಲ್ಲಿ ಬೀಗರ ಗೋದಾಮಿದೆ, ಕಾಂಕ್ರೀಟ್ ನೆಲ, ಚೀಲ ಎಲ್ಲ ಖಾಲಿ ಆಗಿವೆ. ಅಲ್ಲೇ ಮಾಡುತ್ತೇವೆ. ಬೇವಿನ ಮರ ನೆರಳಿಗಷ್ಟೇ.

ಎರಡು ಅನುಮಾನ. ಯಾವ ಭಾಗ ಸರಿಸಬೇಕು, ಮುಂದಿನದಾ ಹಿಂದಿನದಾ? ಬೋಲ್ಟ್ ಎಲ್ಲ ತೆಗೆದ ಮೇಲೂ ಬಿಡದಿದ್ದರೆ ಚಾಣ ಹಾಕಿ ಹೊಡೆಯಬಹುದಾ? ಆಮೇಲೆ ವಾಪಸ್ ಕೂಡಿಸುವಾಗ ಒಂದು ಇಂಚು ಸಂದು ಉಳಿಯುತ್ತದೆ, ಬೋಲ್ಟ್ ಬಿಗಿ ಮಾಡಿ ಎಳೆದುಕೊಳ್ಳಬೇಕು ಅಂತ ಒಬ್ಬರು ಹೇಳಿದರು, ಸರಿಯಾ?

ಹುಮನಾಬಾದ್ ಮಿಸ್ತ್ರಿ

ಎರಡು ಅಂದು ಮೂರು ಕೇಳಿದಿ. ಇರಲಿ.

ಹಿಂದಿನದು ಗಟ್ಟಿ ನಿಲ್ಲಿಸಿ ಮುಂದಿನದು ಸರಿಸುವುದು ನಿಮಗೆ ಸುಲಭ. ಗಾಲಿ ಮೇಲೇ ಉರುಳುತ್ತದೆ. ಇಂಜಿನ್ ಹಿಂಭಾಗದ ಭಾರ ಹೊರಲು ಗಾಲಿ ಇರುವ ಟ್ರಾಲಿ ಜಾಕ್ ಬೇಕು, ಬಾಟಲ್ ಜಾಕ್ ಮೇಲೆ ಇಟ್ಟು ತಳ್ಳಿದರೆ ಜಾಕ್ ಮಗುಚುತ್ತದೆ. ಟ್ರಾಲಿ ಜಾಕ್ ಬಾಡಿಗೆಗೆ ತನ್ನಿ. ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ತಗಡಿನದಾದರೆ ಅದರ ಮೇಲೆ ಭಾರ ಹಾಕಲೇಬಾರದು. ಬೀಡಿನದಾದರೂ ನಡುವೆ ಅಗಲವಾದ ಮರದ ತುಂಡು ಇಡಿ.

ಬಿಚ್ಚುವಾಗ ಬೋಲ್ಟ್ ಉದ್ದ ಬೇರೆ ಬೇರೆ ಇರುತ್ತದೆ. ರಟ್ಟಿನ ಮೇಲೆ ಹೌಸಿಂಗ್ ಚಿತ್ರ ಬರೆದು, ಯಾವ ತೂತಿನ ಬೋಲ್ಟ್ ಅಲ್ಲೇ ಚುಚ್ಚಿಡಿ. ಹಳೇ ಮ್ಯಾಸಿಯಲ್ಲಿ ಬಹಳಷ್ಟು ಇಂಚಿನ ಬೋಲ್ಟ್, ಮಿಲಿಮೀಟರ್ ಪಾನಾ ಹಾಕಿ ತಲೆ ಸವೆಸಬೇಡಿ. ಎರಡೂ ಬದಿ ಒಂದೊಂದು ಬೋಲ್ಟ್ ತೆಗೆದ ಜಾಗದಲ್ಲಿ ಉದ್ದನೆಯ ಸ್ಟಡ್ ಹಾಕಿ. ತಲೆ ಇಲ್ಲದ ಉದ್ದ ಬೋಲ್ಟ್, ಚಿತ್ತಾಪುರದ ಅಣ್ಣನಂಥವರು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಎರಡು ಭಾಗ ಅದರ ಮೇಲೆ ನೇರ ಜಾರುತ್ತವೆ, ವಾಲುವುದಿಲ್ಲ. ಕೂಡಿಸುವಾಗಲೂ ಅದೇ ದಾರಿ ತೋರಿಸುತ್ತದೆ.

ಬಿಡದಿದ್ದರೆ ಚಾಣ ಬೇಡವೇ ಬೇಡ. ಮೊದಲು ಒಂದು ಬೋಲ್ಟ್ ಉಳಿದಿಲ್ಲ ತಾನೇ ನೋಡಿ, ನೂರಕ್ಕೆ ತೊಂಬತ್ತು ಸಲ ಎಲ್ಲೋ ಮಣ್ಣು ಗ್ರೀಸ್ ಕೆಳಗೆ ಒಂದು ಅಡಗಿರುತ್ತದೆ. ಇಲ್ಲವೆಂದರೆ ಜಾಕ್ ಎತ್ತರ ಸರಿ ಇಲ್ಲ. ಜಾಕ್ ಜಾಸ್ತಿ ಎತ್ತಿದರೆ ಸಂದು ಮೇಲೆ ಮೊದಲು ಬಾಯಿ ಬಿಡುತ್ತದೆ, ಕಡಿಮೆ ಆದರೆ ಕೆಳಗೆ. ಸುತ್ತಲೂ ಒಂದೇ ಸಮ ಸಂದು ಬರುವ ತನಕ ಜಾಕ್ ಸ್ವಲ್ಪ ಸ್ವಲ್ಪ ಆಡಿಸಿ. ಸಮ ಬಂದರೆ ಸಣ್ಣ ಸನ್ನೆಕೋಲಿಗೇ ಬಿಡುತ್ತದೆ. ಆ ಸಂದಿನಲ್ಲಿ ಬೆರಳು ಯಾವತ್ತೂ ಬೇಡ. ತೂತು ಸಮ ಇದೆಯಾ ಅಂತ ಬೆರಳು ಹಾಕಿ ನೋಡುವ ಚಟ ಕೆಲವರಿಗೆ ಇರುತ್ತದೆ. ಕಬ್ಬಿಣದ ಕಡ್ಡಿ ಹಾಕಿ ನೋಡಿ. ಎಷ್ಟೇ ಜನ ಇದ್ದರೂ ‘ತಳ್ಳು’ ‘ನಿಲ್ಲು’ ಒಬ್ಬನೇ ಹೇಳಬೇಕು.

ಬೇರೆ ಆದ ತಕ್ಷಣ ಇಂಜಿನ್ ಹಿಂಭಾಗಕ್ಕೂ ಸ್ಟ್ಯಾಂಡ್ ಕೊಟ್ಟು ಜಾಕ್ ಭಾರ ಇಳಿಸಿ. ಮುಂದಿನ ಗಾಲಿಗೂ ಗುಟಕ. ಜಾಕ್ ಸೀಲ್ ರಾತ್ರಿ ಮೆಲ್ಲಗೆ ಇಳಿಯುತ್ತದೆ, ನೀವು ಮಲಗಿರುತ್ತೀರಿ.

ಈಗ ಆ ಒಂದು ಇಂಚಿನ ಮಾತು. ಅದನ್ನು ಹೇಳಿದವರ ಮಾತು ಕೇಳಬೇಡಿ. ಸಂದು ಉಳಿದಿದೆ ಅಂದರೆ ಗೇರ್‌ಬಾಕ್ಸ್ ಶಾಫ್ಟ್‌ನ ಹಲ್ಲು ಪ್ಲೇಟ್‌ನ ಹಲ್ಲಿಗೆ ಕೂತಿಲ್ಲ, ಇಲ್ಲಾ ಅದರ ತುದಿ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಒಳಗೆ ಹೋಗಿಲ್ಲ. ಬೋಲ್ಟ್ ಹಾಕಿ ಎಳೆದರೆ ಪ್ಲೇಟ್ ನಡುಭಾಗ ಬಗ್ಗುತ್ತದೆ, ಹೌಸಿಂಗ್ ಕಿವಿ ಬೀಡಿನದು, ಸೀಳುತ್ತದೆ. ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಬಿಗಿಯುವ ಮೊದಲೇ ಡಮ್ಮಿ ಶಾಫ್ಟ್ (ಗೇರ್‌ಬಾಕ್ಸ್ ಶಾಫ್ಟ್ ಬದಲಿಗೆ ತಾತ್ಕಾಲಿಕವಾಗಿ ಹಾಕುವುದು) ಹಾಕಿ ಕ್ಲಚ್ ಪ್ಲೇಟ್ ನಡುವಿಗೆ ತನ್ನಿ. ನಿಮ್ಮದು ಎರಡು ಪ್ಲೇಟಿನ ಕ್ಲಚ್ ಆಗಿದ್ದರೆ, ಅಂದರೆ ಪಿಟಿಒಗೆ (ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ಶಾಫ್ಟ್‌ಗೆ) ಬೇರೆ ಪ್ಲೇಟ್ ಇದ್ದರೆ, ಎರಡೂ ಒಂದೇ ಸಾಲಿಗೆ ಬರಬೇಕು, ಅಲ್ಲಿ ಅಂದಾಜು ನಡೆಯುವುದಿಲ್ಲ. ಕೂಡಿಸುವಾಗ ತಡೆದು ನಿಂತರೆ ಫ್ಲೈವೀಲ್ ಅನ್ನು ಸ್ವಲ್ಪ ತಿರುಗಿಸಿ. ಪಿಟಿಒ ಹಲ್ಲು ಹತ್ತದಿದ್ದರೆ ಹಿಂದಿನ ಪಿಟಿಒ ಶಾಫ್ಟ್ ಕೈಯಿಂದ ತಿರುಗಿಸಿ. ಹಲ್ಲು ಸಿಕ್ಕಿದರೆ ಕೈ ಬಲಕ್ಕೇ ಬಂದು ಕೂಡುತ್ತದೆ. ಮುಖಕ್ಕೆ ಮುಖ ತಾಗಿದ ಮೇಲೆ ಬೋಲ್ಟ್.

ಚಿತ್ತಾಪುರ ವೆಲ್ಡರ್

ಫ್ಲೈವೀಲ್ ಇಳಿಸುವಾಗಲೂ ಅದೇ ಉದ್ದ ಸ್ಟಡ್ ಉಪಾಯ ಮಾಡಿ. ಬೋಲ್ಟ್ ತೆಗೆದರೆ ಒಮ್ಮೆಲೇ ಕಾಲ ಮೇಲೆ ಬೀಳುತ್ತದೆ, ಚಪ್ಪಲಿ ಹಾಕಿ ಮಾಡುವ ಕೆಲಸ ಅಲ್ಲ. ಕೂಡಿಸುವಾಗ ಎಲ್ಲಿತ್ತೋ ಅಲ್ಲೇ ಬರುವಂತೆ ಮೊದಲೇ ಗುರುತು ಹಾಕಿ.

ಶಹಾಪುರ ಗದ್ದೆ

ಒಳಗಿನ ಧೂಳು ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಕಂಪ್ರೆಸರ್ ಗಾಳಿ ಹೊಡೆದರೆ ಅದೆಲ್ಲ ಮೂಗಿಗೆ ಹೋಗಿ ಶ್ವಾಸಕೋಶದಲ್ಲಿ ಕೂರುತ್ತದೆ. ವರ್ಷಗಟ್ಟಲೆ ಆದ ಮೇಲೆ ರೋಗ ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಚೀಲದಲ್ಲಿ ಕಟ್ಟಿ ಬಿಸಾಕಿ. ಮಕ್ಕಳು ಸುತ್ತ ಕೂತು ನೋಡುತ್ತಿರುತ್ತಾರೆ, ಕಳಿಸಿ.

ಭಾಲ್ಕಿ ಕಬ್ಬು

ಬಿಚ್ಚಿದಾಗಲೇ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎರಡೂ ಕಡೆಯ ಸೀಲ್ ಹೊಸದು ಹಾಕಿಬಿಡಿ. ಚೆನ್ನಾಗಿವೆ ಅಂತ ಅನಿಸಿದರೂ. ಆ ಸಾಮಾನಿನ ಬೆಲೆಗಿಂತ ಮತ್ತೆ ಬಿಚ್ಚುವ ಕೂಲಿ ಜಾಸ್ತಿ.

ಹುಮನಾಬಾದ್ ಮಿಸ್ತ್ರಿ

ಹೌದು. ಸೀಲ್ ತರುವಾಗ ಇಂಜಿನ್ ನಂಬರ್ ಬರೆದುಕೊಂಡು ಹೋಗಿ. ಹಳೇ ಇಂಜಿನ್ ಕೆಲವಲ್ಲಿ ರಬ್ಬರ್ ಸೀಲ್ ಅಲ್ಲ, ಎರಡು ತುಂಡಿನ ಹೌಸಿಂಗ್ ಒಳಗೆ ಹಗ್ಗದ ಸೀಲ್ ಇರುತ್ತದೆ. ಅದನ್ನು ಕೂರಿಸುವುದಕ್ಕೆ ಕೈ ಪಳಗಿರಬೇಕು. ಹಾಗೆ ಕಂಡರೆ ಆ ಒಂದು ಕೆಲಸಕ್ಕೆ ಮಾತ್ರ ಅನುಭವ ಇರುವ ಮಿಸ್ತ್ರಿಯನ್ನು ಗೋದಾಮಿಗೇ ಕರೆಸಿ. ಫ್ಲೈವೀಲ್ ಮುಖದಲ್ಲಿ ನೀಲಿ ಕಲೆ, ಸೀಳು ಇದ್ದರೆ ಲೇಥ್‌ಗೆ ಒಯ್ಯಬೇಕಾಗುತ್ತದೆ. ಎಣ್ಣೆ ಬಿದ್ದಿದ್ದರೆ ಚೆನ್ನಾಗಿ ತೊಳೆದು ಒಣಗಿಸಿ, ಹೊಸ ಪ್ಲೇಟ್‌ಗೆ ಗ್ರೀಸ್ ಕೈ ತಾಗಿಸಬೇಡಿ.

ಆಳಂದ ತೊಗರಿ

ಬೆಣೆ ವಿಷಯ ನಮ್ಮ ಮಿಸ್ತ್ರಿಗೆ ಕೇಳಿದೆ. ಹೊಡೆಯುತ್ತಾನಂತೆ, ನಾನು ನೋಡಿರಲಿಲ್ಲ ಅಷ್ಟೇ. ಮರ ಬಿಡು ಅಂದರೆ ಮಾತ್ರ ನಗುತ್ತಾನೆ.

ಜೇವರ್ಗಿ ಕರಿಮಣ್ಣು

ಜಾಲಿ ಮರದ ಬೆಣೆ ಬಡಗಿ ಹತ್ತಿರ ಮಾಡಿಸಿದ್ದೇವೆ. ಸ್ಟ್ಯಾಂಡ್ ಎರಡು ಹೇಳಿದ್ದೇವೆ. ಬಿಸಿಲು ನಲವತ್ತರ ಮೇಲೆ ಹೋಗಿದೆ, ಹತ್ತು ಗಂಟೆ ಆದರೆ ಪಾನಾ ಮುಟ್ಟಲಾಗುವುದಿಲ್ಲ. ಹಾಗಾಗಿ ನಸುಕಿನಲ್ಲೇ ಶುರು ಮಾಡುತ್ತೇವೆ. ಕಾಕನ ಮಗನಿಗೆ ‘ತಳ್ಳು’ ‘ನಿಲ್ಲು’ ಹೇಳುವ ಕೆಲಸ ಕೊಟ್ಟಿದ್ದೇನೆ, ಅವನ ಗಂಟಲು ದೊಡ್ಡದು. ಡಮ್ಮಿ ಶಾಫ್ಟ್ ಎಲ್ಲಿ ಸಿಗುತ್ತದೆ?

ಹುಮನಾಬಾದ್ ಮಿಸ್ತ್ರಿ

ಗುಜರಿಯಲ್ಲಿ ನಿಮ್ಮದೇ ಮಾಡೆಲ್‌ನ ಹಳೇ ಗೇರ್‌ಬಾಕ್ಸ್ ಶಾಫ್ಟ್ ಹುಡುಕಿ, ಹಲ್ಲು ಎಣಿಸಿ ತನ್ನಿ. ಸಿಗದಿದ್ದರೆ ಹೊಸ ಪ್ಲೇಟ್ ಮತ್ತು ಪೈಲಟ್ ಬೇರಿಂಗ್ ಎರಡನ್ನೂ ಲೇಥ್ ಅಂಗಡಿಗೆ ಒಯ್ಯಿರಿ, ಅಳತೆ ನೋಡಿ ಮರದಲ್ಲೇ ಕಡೆದು ಕೊಡುತ್ತಾರೆ.